ನಾನು ಓದಿ ಹೇಳಿದ ಸೊನ್ನೆ

ಕರೆಂಟು ಅಳೆಯುವ ಮೂರು ಮಲ್ಟಿಮೀಟರುಗಳನ್ನು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟು, ಶನಿವಾರದೊಳಗೆ ಒಂದನ್ನು ಆರಿಸಿ ಹೇಳು ಎಂದರು ನಮ್ಮ ಸಾಹೇಬರು. ಅವತ್ತು ಸೋಮವಾರ. ಮುಂಬಯಿ ಪಕ್ಕದ ಠಾಣೆ ಊರಿನ ಕಾರ್ಖಾನೆಗಳ ವಾಗ್ಳೆ ಎಸ್ಟೇಟಿನಲ್ಲಿ, ಎರಡನೇ ಮಹಡಿಯಲ್ಲಿರುವ ನಮ್ಮ ವರ್ಕ್‌ಶಾಪಿಗೆ ಸಣ್ಣಪುಟ್ಟ ಆಸ್ಪತ್ರೆಗಳಿಂದ ಮಷಿನುಗಳು ರಿಪೇರಿಗೆ ಬರುತ್ತವೆ: ಗಂಟಲಿನ ಕಫ ಎಳೆಯುವ ಸಕ್ಷನ್ ಮಷಿನು, ಇಸಿಜಿ, ಹಸುಗೂಸುಗಳನ್ನು ಬೆಚ್ಚಗಿಡುವ ವಾರ್ಮರು. ನವಿ ಮುಂಬಯಿಯ ಒಂದು ಆಸ್ಪತ್ರೆಯವರು, ಇನ್ನು ಮುಂದೆ ಪ್ರತಿ ಮಷಿನಿನ ಜೊತೆ ಅಳತೆಗಳನ್ನು ಬರೆದ ಹಾಳೆ ಬೇಕು, ಅಳೆದ ಮೀಟರಿಗೂ ಪ್ರಮಾಣಪತ್ರ ಇರಬೇಕು ಎಂದು ಹೇಳಿ ಕಳಿಸಿದ್ದರು. ನಮ್ಮ ಹಳೆಯ ಮೀಟರಿನಲ್ಲಿ ಗುಂಡಿ ತಿರುಗಿಸಿದರೆ ಅಂಕಿ ಒಮ್ಮೆ ಬರುತ್ತಿತ್ತು, ಒಮ್ಮೆ ಇಲ್ಲ. ಅದಕ್ಕೆ ಪ್ರಮಾಣಪತ್ರ ಯಾರು ಕೊಡುತ್ತಾರೆ?

ನಾನು ಎಂಟನೆಯವರೆಗೆ ಓದಿದವನು. ನನಗೆ ಏನು ತಿಳಿಯುತ್ತದೆ, ನೀವೇ ನೋಡಿ ಎಂದೆ. ಸಾಹೇಬರು ಮರಾಠಿಯಲ್ಲಿ, "ತುಝ್ಯಾ ಹಾತಾತ್ ರಾಹಣಾರ್, ತೂಚ್ ಬಘ್" ಎಂದರು. ನಿನ್ನ ಕೈಯಲ್ಲಿ ಇರುವುದು, ನೀನೇ ನೋಡು.

ನನಗೆ ನನ್ನ ಅಕ್ಕನ ನೆನಪಾಯಿತು. ಮೀಟರು ಆರಿಸಬೇಕಾದವಳು ಅವಳು. ಈ ಕೆಲಸ ನನಗೆ ಕಲಿಸಿದವಳು ಅವಳು. ಮೂರು ವರ್ಷದಿಂದ ಅವಳು ಮೀಟರು ಮುಟ್ಟಿಲ್ಲ. ಮುಟ್ಟದ ಹಾಗೆ ಮಾಡಿದವನು ನಾನು, ಮತ್ತು ಅದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಾಗದೆ ಇರುವಷ್ಟು ದಿನವೂ ಅವಳು ತನ್ನನ್ನೇ ನಂಬದೆ ಬದುಕುತ್ತಾಳೆ ಎಂಬುದು ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು.

ನವಿ ಮುಂಬಯಿಯ ತುರ್ಭೆಯ ನಮ್ಮ ಓಣಿಯಲ್ಲಿ, ವಿಜಯಪುರದ ಕಡೆಯಿಂದ ಹಮಾಲಿಗೆ ಬಂದವರ ಮನೆಗಳಲ್ಲಿ, ಡಿಪ್ಲೊಮಾ ಮಾಡಿದವಳು ಅಕ್ಕ ಒಬ್ಬಳೇ. ರಬಾಳೆಯ ಒಂದು ಸರ್ವಿಸ್ ಅಂಗಡಿಯಲ್ಲಿ ಅವಳು ಟೆಕ್ನಿಷಿಯನ್ ಆಗಿದ್ದಳು. ನಾನು ಅದೇ ಅಂಗಡಿಯಲ್ಲಿ ಮಷಿನು ಹೊರುತ್ತಿದ್ದೆ, ಸ್ಕ್ರೂ ಬಿಚ್ಚುತ್ತಿದ್ದೆ. ಕ್ರಮೇಣ ಅವಳು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಅಳತೆ ಮಾಡುವವರ ಎರಡು ಕೈಯಲ್ಲೂ ವೈರಿನ ಮೊನೆಗಳಿರುತ್ತವೆ, ಬಲಗೈಯಲ್ಲಿ ಕೆಂಪು, ಎಡಗೈಯಲ್ಲಿ ಕಪ್ಪು. ತಲೆ ಮಷಿನಿನ ಒಳಗಿರುತ್ತದೆ. ಮೀಟರಿನ ಮುಖ ಕಾಣುವುದಿಲ್ಲ. ಅದಕ್ಕೆ ಅವಳು ಮೊನೆ ಮುಟ್ಟಿಸುತ್ತಿದ್ದಳು, ನಾನು ಅಂಕಿ ಓದಿ ಹೇಳುತ್ತಿದ್ದೆ, ಹಾಳೆಯಲ್ಲಿ ಬರೆಯುತ್ತಿದ್ದೆ. ಅಂಗಡಿಯಲ್ಲಿ ಎಲ್ಲರ ಮಾತು ಹಿಂದಿ, ಮರಾಠಿ. ನಾವಿಬ್ಬರು ಅಂಕಿಗಳನ್ನು ಮಾತ್ರ ಕನ್ನಡದಲ್ಲಿ ಹೇಳಿಕೊಳ್ಳುತ್ತಿದ್ದೆವು. "ಸೊನ್ನಿ ಪಾಯಿಂಟ್ ಎರಡು." "ಮತ್ತ ಹೇಳು." "ಸೊನ್ನಿ ಪಾಯಿಂಟ್ ಎರಡು, ಯಕ್ಕಾ." "ಬರಿ." ದಿನವಿಡೀ ಇಷ್ಟೇ ಮಾತು. ಆಗ ಇದೊಂದು ಸುಖ ಎಂದು ನನಗೆ ಅನ್ನಿಸಿರಲಿಲ್ಲ. ಈಗ ಮೊನೆಗಳನ್ನು ಕ್ಲಿಪ್ಪಿಗೆ ಸಿಕ್ಕಿಸಿ ನಾನೇ ಓದಿ, ನಾನೇ ಬರೆಯುತ್ತೇನೆ. ತುಟಿ ಅಲುಗುತ್ತದೆ, ದನಿ ಹೊರಡುವುದಿಲ್ಲ.

ಅವಳು ತಪ್ಪದೆ ಮಾಡುತ್ತಿದ್ದ ಅಳತೆ ಎರಡು. ಒಂದು, ಮಷಿನಿನ ಲೋಹದ ಮೈಯಿಂದ ದಾರಿ ತಪ್ಪಿದ ಕರೆಂಟನ್ನು ನೆಲಕ್ಕೆ ಇಳಿಸುವ, ಪ್ಲಗ್ಗಿನ ಅರ್ತ್ ಕಡ್ಡಿಯವರೆಗೆ ದಾರಿ ಸರಿಯಾಗಿದೆಯೇ ಎಂಬುದು. ಇನ್ನೊಂದು ಸೋರಿಕೆ. ಯಾವ ಕರೆಂಟಿನ ಮಷಿನಿನಲ್ಲೂ ಒಳಗಿನ ಕರೆಂಟು ಒಂದಿಷ್ಟು ಮೈಮೇಲಿನ ಲೋಹಕ್ಕೆ ಸೋರುತ್ತದೆ. ಅದು ನೂರು ಮೈಕ್ರೊ ಆಂಪಿಯರಿನ ಒಳಗಿದ್ದರೆ ಮುಟ್ಟಿದವರಿಗೆ ಗೊತ್ತೇ ಆಗುವುದಿಲ್ಲ. ಮಿಕ್ಸರಿಗಿಂತ ಆಸ್ಪತ್ರೆಯ ಮಷಿನಿಗೆ ಈ ಅಳತೆ ಹೆಚ್ಚು ಮುಖ್ಯ ಎಂದು ಅಕ್ಕ ಹೇಳುತ್ತಿದ್ದಳು. ಅಲ್ಲಿ ಮಷಿನು ಮುಟ್ಟುವವರ ಕೈ ಒದ್ದೆ ಇರುತ್ತದೆ, ಮಲಗಿದವರಿಗೆ ಕೈ ಹಿಂದಕ್ಕೆ ಎಳೆದುಕೊಳ್ಳುವ ಶಕ್ತಿ ಇರುವುದಿಲ್ಲ.

ಸೋರಿಕೆ ಅಳೆಯುವಾಗ ಕೆಂಪು ವೈರನ್ನು ಮೀಟರಿನ ವೋಲ್ಟಿನ ತೂತಿನಿಂದ ಕಿತ್ತು ಕರೆಂಟಿನ ತೂತಿಗೆ ಹಾಕಬೇಕು. ಆ ತೂತಿನ ಒಳಗೆ ಬೆರಳಿನ ಉಗುರಿನಷ್ಟು ಉದ್ದದ ಒಂದು ಗಾಜಿನ ಫ್ಯೂಸ್ ಇರುತ್ತದೆ.

ಒಂದು ಭಾನುವಾರ ನಾನು ಅಕ್ಕನನ್ನು ಕೇಳದೆ ಅವಳ ಚೀಲದಿಂದ ಮೀಟರು ತೆಗೆದುಕೊಂಡು ಹೋದೆ. ಓಣಿಯ ಮೂಲೆಯ ದುಕಾನಿನಲ್ಲಿ ಫ್ರಿಜ್ಜು ಕೆಟ್ಟು ನಿಂತಿತ್ತು. ದುಕಾನಿನವನು "ಅರೆ, ಇಂಜಿನಿಯರ್ ಸಾಹೇಬ್, ಜರಾ ದೇಖೋ ನಾ", ಸ್ವಲ್ಪ ನೋಡು ಎಂದಿದ್ದ. ಹಾಗೆ ನನ್ನನ್ನು ಕರೆದವರು ಅದುವರೆಗೆ ಯಾರೂ ಇರಲಿಲ್ಲ. ನಾಲ್ಕು ಜನ ನೋಡುತ್ತಿರುವಾಗ ನಾನು ಗುಂಡಿಯನ್ನು ವೋಲ್ಟಿಗೆ ತಿರುಗಿಸಿ ಎರಡು ಮೊನೆಗಳನ್ನೂ ಸಾಕೆಟ್ಟಿಗೆ ತೂರಿಸಿದೆ. ಶನಿವಾರ ಅಕ್ಕ ಕೊನೆಗೆ ಮಾಡಿದ್ದು ಸೋರಿಕೆಯ ಅಳತೆ. ಕೆಂಪು ವೈರು ಇನ್ನೂ ಕರೆಂಟಿನ ತೂತಿನಲ್ಲೇ ಇತ್ತು. ಟಪ್ ಎಂದು ಸಣ್ಣ ಶಬ್ದವಾಯಿತು, ದುಕಾನಿನ ದೀಪ ಆರಿತು. ದುಕಾನಿನವನು ಬಿದ್ದ ಮೇನ್ ಸ್ವಿಚ್ಚು ಎತ್ತಿದ, ದೀಪ ಮತ್ತೆ ಬಂದಿತು. ವೈರನ್ನು ಸರಿಯಾದ ತೂತಿಗೆ ಹಾಕಿ ನೋಡಿದೆ, ವೋಲ್ಟು ಬಂತು. ಮೊನೆಗಳನ್ನು ಒಂದಕ್ಕೊಂದು ತಾಗಿಸಿದೆ, ಬೀಪ್ ಬಂತು. ಮೀಟರು ಚೆನ್ನಾಗಿಯೇ ಇದೆ ಎಂದು ನನಗೆ ನಾನೇ ಹೇಳಿಕೊಂಡು ಚೀಲದಲ್ಲಿ ಇಟ್ಟೆ. ಆ ಟಪ್ ಶಬ್ದದ ಬಗ್ಗೆ ಅಕ್ಕನಿಗೆ ಹೇಳಲಿಲ್ಲ.

ಮಂಗಳವಾರ ಕಲ್ಯಾಣದ ಒಂದು ಹೆರಿಗೆ ಆಸ್ಪತ್ರೆಯ ಸಕ್ಷನ್ ಮಷಿನು ಬಂತು. ಹಳೆಯ ತಗಡಿನ ಮೈ. ನೀರು ಮೋಟಾರಿನವರೆಗೆ ಹೋಗಿತ್ತು. ಬಿಚ್ಚಿ, ಒರೆಸಿ, ಒಣಗಿಸಿ, ಪಂಪಿನ ರಬ್ಬರು ಬದಲಾಯಿಸಿ ಓಡಿಸಿದೆವು. ಅರ್ತ್ ಸರಿ ಇತ್ತು. ಆಮೇಲೆ ಸೋರಿಕೆ. ಅಕ್ಕ ಮೊನೆ ಮುಟ್ಟಿಸಿದಳು. ಮೀಟರಿನ ಮುಖದಲ್ಲಿ ಎಲ್ಲ ಸೊನ್ನೆ.

"ಸೊನ್ನಿ" ಎಂದೆ.

"ಮತ್ತ ಹೇಳು."

"ಸೊನ್ನಿ ಪಾಯಿಂಟ್ ಸೊನ್ನಿ, ಯಕ್ಕಾ."

ಆಗ ನನಗೆ ಭಾನುವಾರದ ಶಬ್ದ ನೆನಪಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನೆನಪಾಯಿತು. ಹೊರಗೆ ಟೆಂಪೊದವನು ಹಾರ್ನ್ ಹೊಡೆಯುತ್ತಿದ್ದ, ಆಸ್ಪತ್ರೆಯಿಂದ ಎರಡು ಸಲ ಫೋನು ಬಂದಿತ್ತು. ಅಕ್ಕ ಮಷಿನಿನಿಂದ ತಲೆ ಎತ್ತಿ ನಕ್ಕಳು. ಒಳ್ಳೆ ಒಣಗೇತಿ ನೋಡು ಎಂದಳು. ನಾನು ಬರೆದೆ. ಅವಳು ಸಹಿ ಹಾಕಿದಳು.

ಮೂರನೆಯ ದಿನ ಆ ಆಸ್ಪತ್ರೆಯ ನರ್ಸ್ ಒಬ್ಬರು ಒಂದು ಕೈ ಮಷಿನಿನ ಮೇಲಿಟ್ಟು, ಇನ್ನೊಂದು ಕೈಯಲ್ಲಿ ಸ್ಟೀಲಿನ ನಲ್ಲಿ ಹಿಡಿದಾಗ ಶಾಕ್ ಹೊಡೆದು ಬಿದ್ದರು. ಬಲಗೈಯ ಮಣಿಕಟ್ಟು ಮುರಿಯಿತು. ಅಲ್ಲಿನ ಹಳೆಯ ಗೋಡೆಯ ಸಾಕೆಟ್ಟಿನಲ್ಲಿ ಅರ್ತ್ ಇರಲೇ ಇಲ್ಲ. ಮಷಿನಿನ ಅರ್ತ್ ಎಷ್ಟೇ ಸರಿಯಿದ್ದರೂ ಅಂಥ ಜಾಗದಲ್ಲಿ ಉಪಯೋಗವಿಲ್ಲ. ಅವರನ್ನು ಉಳಿಸಬಹುದಾಗಿದ್ದ ಅಳತೆ ಸೋರಿಕೆಯದು ಒಂದೇ, ಅದನ್ನು ನಾವು ಸೊನ್ನೆ ಎಂದು ಬರೆದುಕೊಟ್ಟಿದ್ದೆವು.

ಸುದ್ದಿ ಬಂದ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ನಾನು ಮೀಟರಿನ ಹಿಂಬದಿ ಬಿಚ್ಚಿದೆ. ಫ್ಯೂಸಿನ ಗಾಜು ಒಳಗಿನಿಂದ ಕಪ್ಪಾಗಿತ್ತು. ತುಂಡಾದ ಫ್ಯೂಸಿನ ಮೂಲಕ ಕರೆಂಟು ಹರಿಯುವುದಿಲ್ಲ, ಹರಿಯದ್ದನ್ನು ಮೀಟರು ಸೊನ್ನೆ ಎಂದು ತೋರಿಸುತ್ತದೆ. ನಾನು ಡ್ರಾಯರಿನಿಂದ ಹೊಸ ಫ್ಯೂಸ್ ತೆಗೆದು ಹಾಕಿದೆ. ಸುಟ್ಟದ್ದನ್ನು ರಬಾಳೆ ಸ್ಟೇಷನ್ನಿನಲ್ಲಿ ಹಳಿಯ ಮೇಲೆ ಎಸೆದೆ. ಮರುದಿನ ಮಾಲಕರು ಮೀಟರನ್ನು ಬೇರೆ ಕಡೆ ಪರೀಕ್ಷೆಗೆ ಕಳಿಸಿದರು. ಮೀಟರಿನಲ್ಲಿ ಯಾವ ದೋಷವೂ ಇಲ್ಲ ಎಂದು ಉತ್ತರ ಬಂತು. ಹಾಗಾಗಿ ದೋಷ ಸಹಿ ಹಾಕಿದ ಅಕ್ಕನ ಮೇಲೆ ಬಂತು.

ಮಾಲಕರು ಬೈದದ್ದಕ್ಕೆ ಅವಳು ಅಳಲಿಲ್ಲ. ಹಾಳೆಯನ್ನು ಕೈಯಲ್ಲಿ ಹಿಡಿದು ನೋಡುತ್ತಲೇ ನಿಂತಿದ್ದಳು. "ಮಷಿನ್ ಅಂದಮ್ಯಾಲ ಒಂದೀಟರೆ ಸೋರತೈತಿ. ಸೊನ್ನಿ ಅಂದ್ರ ನಾ ಹ್ಯಾಂಗ ಒಪ್ಪಿಕೊಂಡೆ?" ಎಂದು ಕೇಳಿದಳು. ನನ್ನನ್ನು ಕೇಳಿದಳೋ ತನ್ನನ್ನೇ ಕೇಳಿಕೊಂಡಳೋ. ನಾನು ಪಕ್ಕದಲ್ಲೇ ಇದ್ದೆ. ಬಾಯಿ ಬಿಡಲಿಲ್ಲ.

ಅವಳು ಕೆಲಸ ಬಿಟ್ಟಳು. ಮದುವೆಯಾಗಿ ಡೊಂಬಿವಲಿಗೆ ಹೋದಳು. ಈಗ ಮನೆಯಲ್ಲೇ ಸೀರೆಗಳಿಗೆ ಫಾಲ್ ಹಚ್ಚುತ್ತಾಳೆ. ನಾನೂ ರಬಾಳೆ ಬಿಟ್ಟು ಠಾಣೆಯಲ್ಲಿ ಕೆಲಸಕ್ಕೆ ಸೇರಿದೆ. ತುರ್ಭೆಯಿಂದ ಡೊಂಬಿವಲಿ ಏನು ದೂರ? ಠಾಣೆಯಲ್ಲಿ ಒಮ್ಮೆ ಗಾಡಿ ಬದಲಾಯಿಸಿದರೆ ಮುಗಿಯಿತು. ಹಬ್ಬಕ್ಕೆ ಹೋಗುತ್ತಿದ್ದೆ, ಊಟ ಮಾಡಿ ಬರುತ್ತಿದ್ದೆ. ಅವಳು ಎಲ್ಲದರ ಬಗ್ಗೆ ಮಾತಾಡುತ್ತಿದ್ದಳು, ಮಷಿನುಗಳ ಬಗ್ಗೆ ಮಾತ್ರ ಒಂದು ಮಾತಿಲ್ಲ. ಒಮ್ಮೆ ಅವಳ ಮಿಕ್ಸರು ಕೆಟ್ಟಿತ್ತು. ನಾನು ನೋಡುತ್ತೇನೆ ಎಂದೆ. ಬ್ಯಾಡ ಬಿಡು, ಕೆಳಗ ರಿಪೇರಿಯಾಂವ ಇದ್ದಾನ ಎಂದಳು. ಡಿಪ್ಲೊಮಾ ಮಾಡಿದವಳ ಮನೆಗೆ ಕೆಳಗಿನ ರಿಪೇರಿಯವನು ಬಂದು, ಪ್ಲಗ್ಗು ಸಡಿಲ ಇದೆ ಎಂದು ಹೇಳಿ ಹೋದ.

ಸಾಹೇಬರು ಕೊಟ್ಟ ಮೂರು ಮೀಟರುಗಳಿಗೆ ಮರಳುತ್ತೇನೆ.

ಮೂರರ ಜೊತೆಗೂ ಇಂಗ್ಲಿಷಿನ ಸಣ್ಣ ಪುಸ್ತಕ ಇತ್ತು. ಒಂದೊಂದು ಪದವನ್ನೂ ಫೋನಿನಲ್ಲಿ ನೋಡಿಕೊಂಡು ಓದಿದೆ. ಮೊದಲು ಮೂರರದ್ದೂ ಮೊನೆಗಳನ್ನು ಒಂದಕ್ಕೊಂದು ತಾಗಿಸಿ, ವೈರಿನ ಸ್ವಂತ ತಡೆ ಎಷ್ಟು ಎಂದು ಬರೆದುಕೊಂಡೆ. ಅರ್ತ್ ಅಳೆಯುವಾಗ ಅದನ್ನು ಕಳೆಯಬೇಕು. ಒಂದನೆಯ ಮೀಟರಿನಲ್ಲಿ ವೈರಿನದ್ದೇ ಅರ್ಧ ಓಮ್ ಬಂತು. ನಾವು ಹುಡುಕುವುದು ಸೊನ್ನೆ ಪಾಯಿಂಟ್ ಎರಡನ್ನು. ತಕ್ಕಡಿಯ ತಟ್ಟೆಯೇ ಸರಕಿಗಿಂತ ಭಾರವಾದರೆ ತೂಗುವುದು ಹೇಗೆ? ಬೇರೆ ವೈರು ಹಾಕಿ ನೋಡಿದೆ, ಸುಧಾರಿಸಿತು.

ಮಂಗಳವಾರ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ರೆಗ್ಯುಲೇಟರಿಗೆ ಒಂದು ಬಲ್ಬು ಜೋಡಿಸಿ, ಅದರ ಮೇಲೆ ಮೂರನ್ನೂ ಒಟ್ಟಿಗೆ ಹಿಡಿದೆ. ಗೋಡೆಯಿಂದ ನೇರ ಬಂದ ಕರೆಂಟಿನಲ್ಲಿ ಮೂರೂ ಒಂದೇ ಅಂಕಿ ತೋರಿಸುತ್ತಿದ್ದವು. ರೆಗ್ಯುಲೇಟರು ಕತ್ತರಿಸಿ ಬಿಟ್ಟ ಕರೆಂಟಿನಲ್ಲಿ ಒಂದನೆಯದು ಉಳಿದೆರಡಕ್ಕಿಂತ ಬಹಳ ಕಡಿಮೆ ತೋರಿಸಿತು. ಆಸ್ಪತ್ರೆಯ ಈಗಿನ ಮಷಿನುಗಳ ಒಳಗೆ ಹರಿಯುವುದು ಹೆಚ್ಚಾಗಿ ಇಂಥ ಕತ್ತರಿಸಿದ ಕರೆಂಟೇ. ಅಷ್ಟೇ ಅಲ್ಲ, ಒಂದನೆಯದರ ಪುಸ್ತಕವನ್ನು ಎರಡನೆಯ ಸಲ ಓದಿದಾಗ, ಅದರಲ್ಲಿ ಮೈಕ್ರೊ ಆಂಪಿಯರ್ ಇರುವುದು ಬ್ಯಾಟರಿಯ ಕರೆಂಟಿಗೆ ಮಾತ್ರ ಎಂದು ತಿಳಿಯಿತು. ಗೋಡೆಯ ಕರೆಂಟಿನ ಸೋರಿಕೆಯನ್ನು ಅದರಲ್ಲಿ ಅಳೆದರೆ ಅದು ಸೊನ್ನೆಯೆಂದೇ ಹೇಳುತ್ತದೆ. ನಾನು ಅದನ್ನು ಡಬ್ಬಿಯಲ್ಲಿ ಹಾಕಿ ಮುಚ್ಚಿಟ್ಟೆ.

ಉಳಿದದ್ದು ಎರಡು. ಸಾಹೇಬರಿಗೆ ಎರಡನೆಯದರ ಮೇಲೆ ಮನಸ್ಸಿತ್ತು. ಅದು ಅಳತೆಗಳನ್ನು ಫೋನಿಗೆ ಕಳಿಸುತ್ತಿತ್ತು. ಮೂರನೆಯದು ತೂಕದ್ದು, ನೋಡಲಿಕ್ಕೆ ಅಂಥ ಚೆಂದವೂ ಇಲ್ಲ. ಅಳತೆಯಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಬುಧವಾರ ಮಧ್ಯಾಹ್ನ ಎರಡನ್ನೂ ಚೀಲಕ್ಕೆ ಹಾಕಿಕೊಂಡು, ಅದೇ ಎಸ್ಟೇಟಿನ ಇನ್ನೊಂದು ಗಲ್ಲಿಯಲ್ಲಿರುವ ಡೀಲರ ಹತ್ತಿರ ಹೋದೆ. ಅವರು ಉಡುಪಿ ಕಡೆಯವರು, ವಯಸ್ಸಾದವರು. ಮಾವನ ಹೋಟೆಲಿನ ಗಲ್ಲೆಯಲ್ಲಿ ಕೂರಲಿಕ್ಕೆ ಬಂದು, ಅದು ಬಿಟ್ಟು ಮೀಟರು ಮಾರಲಿಕ್ಕೆ ನಿಂತವರು.

ಸಾಹೇಬರ ಇಷ್ಟ ಹೇಳಿದಾಗ ಅವರು ನಕ್ಕರು. "ಫೋನಿಗೆ ಬೇಕಾದ್ರೆ ಹೋಗ್ತದೆ ಮಾರಾಯ್ರೆ. ಸ್ಟೇಟಸ್ ಸಹ ಹಾಕ್ಬಹುದು. ಒಳಗೆ ಎಂತ ಉಂಟು, ಅದನ್ನು ನೋಡಿ" ಎಂದು ಎರಡರ ಬೆನ್ನನ್ನೂ ಬಿಚ್ಚಿದರು. ಎರಡನೆಯದರಲ್ಲಿ ಗಾಜಿನ ಫ್ಯೂಸ್. ಮೂರನೆಯದರಲ್ಲಿ ದಪ್ಪ, ಬಿಳಿಯ, ಪಿಂಗಾಣಿಯದು. ಗಾಜಿನದು ಕೆಲವೊಮ್ಮೆ ಸಿಡಿಯುತ್ತದೆ, ಕೈಯಲ್ಲಿ ಹಿಡಿದವನಿಗೂ ಅಪಾಯ ಎಂದು ವಿವರಿಸಿದರು. ಆಮೇಲೆ, ಫ್ಯೂಸ್ ಸರಿ ಇದೆಯೋ ಇಲ್ಲವೋ ಎಂದು ಮೀಟರು ಬಿಚ್ಚದೆ ತಿಳಿಯುವ ದಾರಿ ತೋರಿಸಿದರು. ಗುಂಡಿಯನ್ನು ಓಮಿಗೆ ತಿರುಗಿಸಿ, ಕೆಂಪು ಮೊನೆಯನ್ನು ಅದೇ ಮೀಟರಿನ ಕರೆಂಟಿನ ತೂತಿಗೆ ಮುಟ್ಟಿಸಬೇಕು. ಅಂಕಿ ಬಂದರೆ ಫ್ಯೂಸ್ ಇದೆ. ಬರದಿದ್ದರೆ ಹೋಗಿದೆ. ಒಂದು ಉಸಿರಿನಷ್ಟು ಹೊತ್ತಿನ ಕೆಲಸ. ಅಕ್ಕನಿಗೂ ಇದು ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಕೊನೆಗೆ ಅವರು, ಇನ್ನೊಂದು ಉಂಟು ನೋಡಿ ಎಂದು, ಮೂರನೆಯ ಮೀಟರಿನ ಗುಂಡಿಯನ್ನು ವೋಲ್ಟಿಗೆ ಇಟ್ಟು, ಕೆಂಪು ವೈರನ್ನು ಬೇಕೆಂದೇ ಕರೆಂಟಿನ ತೂತಿಗೆ ಹಾಕಿದರು. ಮೊನೆಗಳನ್ನು ಎಲ್ಲಿಗೂ ಮುಟ್ಟಿಸಿರಲಿಲ್ಲ. ಅಷ್ಟರಲ್ಲೇ ಮೀಟರು ಕೂಗಲು ಶುರುಮಾಡಿತು. ನಿಲ್ಲಿಸದೆ ಕೂಗಿತು.

"ತಪ್ಪು ತೂತಿಗೆ ಹಾಕಿದ್ರೆ ಇದು ಸುಮ್ನಿರುದಿಲ್ಲ," ಎಂದರು. ನನ್ನ ಮುಖ ನೋಡಿ, "ಎಂತ ಮಾರಾಯ್ರೆ, ಶಾಕ್ ಹೊಡೆದವರ ಹಾಗೆ ನಿಂತಿದ್ದೀರಲ್ಲ" ಎಂದರು.

ಅಂಥ ಮೀಟರು ಅವತ್ತು ದುಕಾನಿನಲ್ಲಿ ಇದ್ದಿದ್ದರೆ ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ. ಆದರೆ ಮೀಟರಿಗೆ ಕೂಗಲು ಬರದಿದ್ದರೆ ಏನಾಯಿತು, ನನಗೆ ಬಾಯಿ ಇತ್ತು. ಭಾನುವಾರ ಇತ್ತು, ಮಂಗಳವಾರ ಇತ್ತು, ಮಾಲಕರು ಬೈಯುವಾಗಲೂ ಇತ್ತು. ಮೂರನೆಯದನ್ನೇ ಹೇಳುತ್ತೇನೆ ಎಂದು ಡೀಲರಿಗೆ ಹೇಳಿ ಹೊರಗೆ ಬಂದೆ. ವರ್ಕ್‌ಶಾಪಿಗೆ ಹೋಗಲಿಲ್ಲ. ಠಾಣೆ ಸ್ಟೇಷನ್ನಿಗೆ ಹೋಗಿ ಡೊಂಬಿವಲಿಗೆ ಟಿಕೆಟು ತೆಗೆದೆ.

ಸಂಜೆಯ ಹೊತ್ತು. ಅಕ್ಕ ಕಿಟಕಿಯ ಪಕ್ಕ ಕೂತು ಹಸಿರು ಸೀರೆಯೊಂದಕ್ಕೆ ಫಾಲ್ ಹಚ್ಚುತ್ತಿದ್ದಳು. ಹಬ್ಬವಲ್ಲದ ದಿನ ಬಂದದ್ದಕ್ಕೆ, ಕೆಲಸದಿಂದ ತೆಗದರೇನ ಎಂದು ಚೇಷ್ಟೆ ಮಾಡಿದಳು. ಚಹಾ ಇಡಲು ಏಳಹೋದವಳನ್ನು ತಡೆದೆ. ನಿಂತುಕೊಂಡೇ ಹೇಳಿದೆ. ಭಾನುವಾರದಿಂದ ಹಳಿಯ ಮೇಲೆ ಎಸೆದ ಫ್ಯೂಸಿನವರೆಗೆ, ಯಾವುದನ್ನೂ ಬಿಡದೆ ಹೇಳಿದೆ.

ಅವಳ ಸೂಜಿ ನಿಲ್ಲಲಿಲ್ಲ. ದಾರ ಮುಗಿಯುವವರೆಗೆ ಹೊಲಿದಳು. ಗಂಟು ಹಾಕಿ, ಹಲ್ಲಿನಿಂದ ಕಡಿದಳು. ಆಮೇಲೆ ಕೆಟ್ಟ ಮಷಿನನ್ನು ಪರೀಕ್ಷಿಸುವ ಕ್ರಮದಲ್ಲೇ ಕೇಳತೊಡಗಿದಳು.

"ಕೆಂಪು ವಾಯರು ಯಾವ ತೂತಿನಾಗಿತ್ತು?"

"ಕರೆಂಟಿಂದ್ರಾಗ."

"ಓಮು, ವೋಲ್ಟು ಎರಡೂ ಬರತಿದ್ದವು?"

"ಬರತಿದ್ದವು."

"ಸೊನ್ನಿ ಅಂತ ಓದೂಮುಂದ ನಿನಗ ನೆನಪಾತು?"

"ಆತು."

"ಫ್ಯೂಸ್ ಬದಲಿ ಮಾಡಿದ್ದು ಮಾಲಕ ಮೀಟರ್ ಕಳಸೂಕಿಂತ ಮೊದಲೋ ಆಮ್ಯಾಲೋ?"

"ಮೊದಲ."

ಅವಳು ಸೀರೆಯನ್ನು ಮಡಚಿದಳು. ಅಂಚಿಗೆ ಅಂಚು ಸೇರಿಸಿ, ಎಲ್ಲೂ ಸುಕ್ಕು ಬರದಂತೆ. ಬೈಯುತ್ತಾಳೆ ಎಂದು ಕಾದೆ. ಬೈದರೆ ಹಗುರವಾಗುತ್ತದೆ ಎಂಬ ಆಸೆ ನನ್ನದಾಗಿತ್ತು. ಅವಳು ಬೈಯಲಿಲ್ಲ.

"ಮೂರ ವರ್ಷ ಆತು ತಮ್ಮಾ," ಎಂದಳು. "ಗ್ಯಾಸ್ ಬಂದ್ ಮಾಡಿ ಮಲಗಿರತೀನಿ, ಮತ್ತ ಎದ್ದು ಬಂದು ನೋಡತೀನಿ. ಬಂದ್ ಆಗೇತಿ ಅಂತ ಕಣ್ಣಿಗೆ ಕಾಣತೈತಿ. ಆದ್ರ ಕಣ್ಣನ್ನ ನಂಬೂದಿಲ್ಲ. ಕೈ ಹಚ್ಚಿ ನೋಡತೀನಿ. ಕೀಲಿ ಹಾಕಿದ್ರೂ ಹಂಗ. ಹಾಲು ಕಾಸಿದ್ರೂ ಹಂಗ. ನನಗ ತಲಿ ಸರಿ ಇಲ್ಲ ಅಂತ ಮನ್ಯಾಗ ನಗತಾರ."

ನಾನು ಅವಳ ಕಾಲ ಹತ್ತಿರ ಕೂತೆ. ಮುಟ್ಟಲು ಧೈರ್ಯ ಬರಲಿಲ್ಲ. ಅವಳು ಸೀರೆಯನ್ನು ಬದಿಗಿಟ್ಟು, ಆ ಅಳತೆಯ ಹಾಳೆ ಇನ್ನೂ ರಬಾಳೆಯಲ್ಲಿ ಇದೆಯೇ ಎಂದು ಕೇಳಿದಳು. ಇದ್ದರೆ ಅದರ ಮೇಲೆ ನಡೆದದ್ದನ್ನು ನಿನ್ನ ಕೈಯಾರೆ ಬರಿ, ನಿನ್ನ ಸಹಿ ಹಾಕು ಎಂದಳು. ಚಹಾದ ಮಾತು ಮತ್ತೆ ಬರಲಿಲ್ಲ. ನಾನು ಹೊರಟೆ. ನನ್ನ ಹಿಂದೆ ಅವಳು ಬಾಗಿಲ ಕೀಲಿ ಹಾಕಿದ್ದು ಕೇಳಿಸಿತು. ಚಿಲಕವನ್ನು ಎರಡನೆಯ ಸಲ ಎಳೆದು ನೋಡುತ್ತಾಳೆಯೇ ಎಂದು ಮೆಟ್ಟಿಲ ಮೇಲೆ ನಿಂತು ಕೇಳಿದೆ. ಎಳೆದು ನೋಡಿದಳು.

ಶುಕ್ರವಾರ ಅರ್ಧ ದಿನ ರಜೆ ಹಾಕಿ ರಬಾಳೆಗೆ ಹೋದೆ. ಹಳೆಯ ಮಾಲಕರು ಗುರುತು ಹಿಡಿದರು, ಕೂರಿಸಿದರು. ಎಲ್ಲವನ್ನೂ ಅವರಿಗೂ ಹೇಳಿದೆ. ಅವರ ಮುಖದಲ್ಲಿ ಒಂದಿಷ್ಟು ಬೇಸರ ಕಂಡಿತು, ಕೋಪ ಕಾಣಲಿಲ್ಲ. ಅಂಗಡಿ ಬಣ್ಣ ಹೊಡೆಸುವಾಗ ಹಳೆಯ ಹಾಳೆಗಳೆಲ್ಲ ರದ್ದಿಗೆ ಹೋದವು ಎಂದರು. "ಛೋಡ್ ನಾ ಯಾರ್, ಕಿಸ್ಕೊ ಯಾದ್ ಹೈ" ಎಂದು ನನ್ನ ಭುಜ ತಟ್ಟಿದರು. ಬಿಡು, ಯಾರಿಗೆ ನೆನಪಿದೆ. ನಾನು ಬೇರೆ ಕಾಗದದ ಮೇಲೆ ಬರೆದುಕೊಡುತ್ತೇನೆ ಎಂದೆ. ಬರೆದೆ. ಅವರು ಓದದೆ ಡ್ರಾಯರಿಗೆ ಹಾಕಿದರು.

ಸ್ಟೇಷನ್ನಿನಿಂದಲೇ ಅಕ್ಕನಿಗೆ ಫೋನು ಮಾಡಿ, ಹಾಳೆ ರದ್ದಿಗೆ ಹೋಗೇತಿ ಎಂದೆ.

"ಹಂಗಾರ ಆಕಿ ಮುಂದ ಹೇಳು. ಗುರುವಾರ ಕಲ್ಯಾಣ ಸ್ಟೇಷನ್ನಿಗೆ ಬಾ."

"ಯಾರ ಮುಂದ?"

"ಕೈ ಮುರಕೊಂಡಾಕಿ ಮುಂದ."

ಶನಿವಾರ ಸಾಹೇಬರಿಗೆ ಮೂರನೆಯ ಮೀಟರು ಎಂದು ಹೇಳಿದೆ. ಫೋನಿಗೆ ಕಳಿಸುವುದಿಲ್ಲವಲ್ಲ ಎಂದರು. ಫ್ಯೂಸ್ ತೋರಿಸಿದೆ, ತಪ್ಪು ತೂತಿಗೆ ವೈರು ಹಾಕಿ ಕೂಗಿಸಿದೆ. ಒಪ್ಪಿದರು. ನಮ್ಮ ಅಳತೆಯ ಹಾಳೆಯಲ್ಲಿ ಎಲ್ಲಕ್ಕಿಂತ ಮೇಲೆ ಒಂದು ಹೊಸ ಸಾಲು ಹಾಕಿಸಿಕೊಂಡೆ: ಮೀಟರಿನ ಫ್ಯೂಸ್ ನೋಡಿದ್ದೇನೆ, ಇಂತಿಷ್ಟು ಓಮ್. ಅದನ್ನು ತುಂಬದೆ ಕೆಳಗಿನ ಸಾಲುಗಳನ್ನು ತುಂಬುವಂತಿಲ್ಲ. ಸೋರಿಕೆ ಸೊನ್ನೆ ಬಂದರೆ ಮಷಿನನ್ನು ಕಳಿಸುವಂತಿಲ್ಲ, ಇನ್ನೊಂದು ಮೀಟರಿನಲ್ಲಿ ಮತ್ತೆ ಅಳೆಯಬೇಕು.

ಗುರುವಾರ ಕಲ್ಯಾಣದಲ್ಲಿ ಅಕ್ಕ ನನಗಿಂತ ಮೊದಲೇ ಬಂದು ನಿಂತಿದ್ದಳು. ಕೈಯಲ್ಲಿ ಬಟ್ಟೆಯ ಚೀಲ. ರಿಕ್ಷಾದಲ್ಲಿ ಹೋದೆವು. ದಾರಿಯನ್ನು ರಿಕ್ಷಾದವನಿಗೆ ಅವಳೇ ಹೇಳಿದಳು, ಎಡಕ್ಕೆ, ಮತ್ತೆ ಎಡಕ್ಕೆ, ನಲ್ಲಿಯ ಹತ್ತಿರ ನಿಲ್ಲಿಸು ಎಂದು. ಆ ಮನೆಯ ದಾರಿ ಅವಳಿಗೆ ಹೇಗೆ ಗೊತ್ತು ಎಂದು ನನಗೆ ಆಶ್ಚರ್ಯವಾಯಿತು. ಮೂರನೇ ಮಹಡಿ. ಬಾಗಿಲು ತೆರೆದವರು ಆ ನರ್ಸ್, ಎಲ್ಲರೂ ಕರೆಯುವಂತೆ ಸಿಸ್ಟರ್. ಅಕ್ಕನನ್ನು ನೋಡಿ, "ಆಜ್ ಲೇಟ್ ಹೋ ಗಯೀ ದೀದಿ" ಎಂದರು. ಇವತ್ತು ತಡವಾಯಿತಲ್ಲ ಅಕ್ಕ.

ಆಗ ನನಗೆ ತಿಳಿಯಿತು. ಮೂರು ವರ್ಷದಿಂದ ಪ್ರತಿ ತಿಂಗಳ ಮೊದಲ ಗುರುವಾರ ಅವಳು ಇಲ್ಲಿಗೆ ಬರುತ್ತಿದ್ದಳು. ಸಿಸ್ಟರಿನ ಬಲಗೈಯ ಎರಡು ಬೆರಳು ಪೂರ್ತಿ ಮಡಚುವುದಿಲ್ಲ. ಅವರೀಗ ಅದೇ ಆಸ್ಪತ್ರೆಯಲ್ಲಿ ಹೆಸರು ಬರೆದುಕೊಳ್ಳುವ ಮೇಜಿನಲ್ಲಿ ಕೂರುತ್ತಾರೆ. ರವಿಕೆಯ ಹುಕ್ಕು ಹಾಕಿಕೊಳ್ಳಲು ಆಗುವುದಿಲ್ಲ. ಅಕ್ಕ ಅವರ ರವಿಕೆಗಳ ಹುಕ್ಕುಗಳನ್ನು ಬಿಚ್ಚಿ, ಒತ್ತಿದರೆ ಕೂರುವ ಗುಂಡಿಗಳನ್ನು ಹೊಲಿದು ಕೊಡುತ್ತಿದ್ದಳು. ತಿಂಗಳ ಹಿಟ್ಟು ಡಬ್ಬಿಗೆ ತುಂಬುತ್ತಿದ್ದಳು, ಬಿಗಿಯಾದ ಮುಚ್ಚಳಗಳನ್ನು ಸಡಿಲ ಮಾಡಿ ಇಟ್ಟು ಬರುತ್ತಿದ್ದಳು. ನನಗೆ ಒಮ್ಮೆಯೂ ಹೇಳಿರಲಿಲ್ಲ. ಅದು ಅವಳ ತಪ್ಪಿನ ಕೆಲಸ, ನನ್ನದಲ್ಲ ಎಂದು ಅವಳು ತಿಳಿದಿದ್ದಳು.

ನಾನು ಹಿಂದಿಯಲ್ಲಿ ಹೇಳಿದೆ. ನನ್ನ ಹಿಂದಿ ತುರ್ಭೆಯ ಹಿಂದಿ, ಅದರಲ್ಲಿ ಕ್ಷಮೆಗೆ ಒಳ್ಳೆಯ ಪದಗಳಿಲ್ಲ. ಶಬ್ದ ಆದದ್ದು, ಸೊನ್ನೆ ಓದಿದ್ದು, ಫ್ಯೂಸ್ ಬದಲಾಯಿಸಿದ್ದು, ಇಷ್ಟನ್ನು ಹೇಳಿ ನಿಲ್ಲಿಸಿದೆ. ಸಿಸ್ಟರ್ ನನ್ನ ಕಡೆ ನೋಡಲಿಲ್ಲ. ಅಕ್ಕನನ್ನು ಕೇಳಿದರು, "ತೋ ಫಿರ್ ತೂ ಕ್ಯೂಂ ಆತೀ ಥೀ?" ಹಾಗಾದರೆ ನೀನೇಕೆ ಬರುತ್ತಿದ್ದೆ?

ಅಕ್ಕ ಹಿಂದಿಯಲ್ಲೇ ಹೇಳಿದಳು. ಓದಿದವನು ಅವನು, ನಂಬಿದವಳು ನಾನು. ಸಹಿ ನನ್ನದು.

ಸಿಸ್ಟರ್ ಎದ್ದು ಒಳಗೆ ಹೋದರು. ಅಕ್ಕನೂ ಹಿಂದೆ ಹೋದಳು. ಒಳಗಿನ ಮಾತು ನನಗೆ ಕೇಳಿಸಲಿಲ್ಲ. ಯಾರೋ ಮೂಗು ಒರೆಸಿಕೊಂಡದ್ದು ಕೇಳಿಸಿತು, ಆಮೇಲೆ ಡಬ್ಬಿಯ ಮುಚ್ಚಳದ ಸದ್ದು. ಅರ್ಧ ಗಂಟೆ ನಾನು ಹೊರಗಿನ ಕುರ್ಚಿಯ ತುದಿಯಲ್ಲಿ ಕೂತಿದ್ದೆ. ಹೊರಡುವಾಗ ಸಿಸ್ಟರ್ ಅಕ್ಕನ ಕೈಯನ್ನು ತಮ್ಮ ಎಡಗೈಯಲ್ಲಿ ಹಿಡಿದುಕೊಂಡರು.

ಸ್ಟೇಷನ್ನಿನ ಸೇತುವೆಯವರೆಗೆ ನಡೆದೇ ಬಂದೆವು. ವರ್ಕ್‌ಶಾಪಿನಲ್ಲಿ ಕೆಲಸ ಹೆಚ್ಚಿದೆ, ಒಬ್ಬ ಟೆಕ್ನಿಷಿಯನ್ ಬೇಕು ಎಂದು ಸಾಹೇಬರು ಹುಡುಕುತ್ತಿದ್ದಾರೆ ಎಂದೆ. ಒಂದು ಸಲ ಬಂದು ಹೊಸ ಮೀಟರನ್ನಾದರೂ ನೋಡು ಎಂದೆ.

"ಅದನ್ನ ಕೇಳಬ್ಯಾಡ," ಎಂದಳು. ನಾಲ್ಕು ಹೆಜ್ಜೆ ಆದ ಮೇಲೆ, "ನೀ ಹೇಳಿದಿ ಅಂತ ನನ್ನ ತಪ್ಪು ಹೋಗಲಿಲ್ಲ. ಸಣ್ಣದಾತು, ಅಷ್ಟ" ಎಂದಳು. ಪ್ಲಾಟ್‌ಫಾರ್ಮಿಗೆ ಇಳಿದಾಗ ಗಾಡಿ ಬಂತು. ಹೆಂಗಸರ ಬೋಗಿಯ ಕಡೆ ಹೋಗುತ್ತಾ ತಿರುಗಿ, "ಬರೂ ತಿಂಗಳಿಂದ ಅಲ್ಲಿಗೆ ನೀ ಹೋಗು. ನಾ ಬರೂದಿಲ್ಲ" ಎಂದಳು.

ಆ ಒಂದು ತಿಂಗಳು ಅವಳು ಫೋನು ಎತ್ತಲಿಲ್ಲ. ಮೊದಲ ಗುರುವಾರ ನಾನು ರಜೆ ಹಾಕಿ ಕಲ್ಯಾಣಕ್ಕೆ ಹೋದೆ. ಎಡಕ್ಕೆ, ಮತ್ತೆ ಎಡಕ್ಕೆ, ನಲ್ಲಿಯ ಹತ್ತಿರ ಇಳಿದೆ. ಮೂರು ಮಹಡಿ ಹತ್ತಿ ಬೆಲ್ಲು ಒತ್ತಿದೆ. ಸಿಸ್ಟರ್ ಬಾಗಿಲು ತೆರೆದರು. ಒಳಗೆ ಬಾ ಎಂದೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ನನ್ನ ಹಿಂದೆ ಯಾರಾದರೂ ಹತ್ತಿ ಬರುತ್ತಿದ್ದಾರೆಯೇ ಎಂದು ಮೆಟ್ಟಿಲುಗಳ ಕಡೆ ನೋಡಿದರು. ನಾನೂ ತಿರುಗಿ ನೋಡಿದೆ.